ಸರ್ಕಾರದ ಬಾನುಲಿ: ಮೈಸೂರು ಮತ್ತು ಘಾನಾ

1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು ಮೈಸೂರಿನ ತಮ್ಮ ಮನೆಯಲ್ಲಿ ಪುಟ್ಟ ಪ್ರೇಷಕವನ್ನು, ಅಂದರೆ ಧ್ವನಿಯನ್ನು ರೇಡಿಯೋ ಅಲೆಗಳಾಗಿ ಹೊರಗೆ ಕಳಿಸುವ ಯಂತ್ರವನ್ನು, ಇಟ್ಟು ಪ್ರಸಾರ ಆರಂಭಿಸಿದರು. ಅದೇ ವರ್ಷ ಪಶ್ಚಿಮ ಆಫ್ರಿಕದ ಘಾನಾದಲ್ಲಿ, ಆಗಿನ ಗೋಲ್ಡ್ ಕೋಸ್ಟ್‌ನಲ್ಲಿ, ಬ್ರಿಟಿಷ್ ಆಡಳಿತವು ಮನೆಗಳ ಪೆಟ್ಟಿಗೆಗಳಿಗೆ ತಂತಿಯ ಮೂಲಕ ಧ್ವನಿ ತಲುಪಿಸುವ ಕೇಂದ್ರವನ್ನು ತೆರೆಯಿತು. ಅಧ್ಯಾಪಕರೊಬ್ಬರ ಆಸಕ್ತಿಯಿಂದ ಹುಟ್ಟಿದ ಮೈಸೂರಿನ ಆಕಾಶವಾಣಿಯು ಸಂಸ್ಥಾನದ ಆಶ್ರಯ ಪಡೆದು, 1950ರಲ್ಲಿ ಕೇಂದ್ರ ಸರ್ಕಾರದ್ದಾಯಿತು. ಇಂದು ಹಾಸನದ ಆಕಾಶವಾಣಿಯನ್ನು ಕೇಳುವ ಹಳೇಬೀಡು, ಹುಲಿಕೆರೆಗಳ ರೈತರಿಗೆ ಹವಾಮಾನ, ಕೃಷಿ ಸಲಹೆಗಳು ಕನ್ನಡದಲ್ಲೇ ದೊರೆಯುವುದು ಸಾರ್ವಜನಿಕ ಪ್ರಸಾರದ ನಿಜವಾದ ಸಾರ್ಥಕತೆ. ಆದರೆ ವೆಚ್ಚ ಭರಿಸುವ ಸರ್ಕಾರವೇ ಸುದ್ದಿಯನ್ನೂ ಆಳಬಾರದೆಂದು ಘಾನಾ 1992ರ ಸಂವಿಧಾನದಲ್ಲಿಯೇ ರಾಷ್ಟ್ರೀಯ ಮಾಧ್ಯಮ ಆಯೋಗಕ್ಕೆ ಸ್ಥಾನ ಕೊಟ್ಟಿತು. ಆಕಾಶವಾಣಿಯನ್ನು ನಡೆಸುವ ನಮ್ಮ ಪ್ರಸಾರ ಭಾರತಿ ಸಂಸ್ಥೆಯಾದರೋ 1990ರ ಕಾಯ್ದೆಯಂತೆ 1997ರಲ್ಲಿ ಸ್ಥಾಪನೆಯಾದರೂ ಸರ್ಕಾರದ ಅನುದಾನವನ್ನೇ ನೆಚ್ಚಿಕೊಂಡಿರುವುದರಿಂದ ಅದರ ಸ್ವಾಯತ್ತತೆ ಇನ್ನೂ ಅರ್ಧದಲ್ಲೇ ನಿಂತಿದೆ.