ನಕ್ಷತ್ರ ಹುಟ್ಟುವುದು ನಿಂತ ಗೆಲಾಕ್ಸಿಗಳು



ಬಂಗಾರಪೇಟೆಯಿಂದ ಕೋಲಾರ ಚಿನ್ನದ ಗಣಿಗೆ ಹೋದವರು ಅಲ್ಲಿನ ಸೈನೈಡ್ ದಿಬ್ಬಗಳನ್ನು ನೋಡಿರುತ್ತೀರಿ. ನಂದಿದುರ್ಗ, ಚಾಂಪಿಯನ್ ರೀಫ್, ಉರಿಗಾಂ ಗಣಿಗಳಿದ್ದ ಆ ಊರಿನಲ್ಲಿ 2001ರಲ್ಲಿ ಗಣಿಗಾರಿಕೆ ನಿಂತಿತು. ಚಿನ್ನ ಪೂರ್ತಿ ಮುಗಿದಿತ್ತೆ? ಇಲ್ಲ. ಆ ದಿಬ್ಬಗಳಲ್ಲೂ ಅಷ್ಟಿಷ್ಟು ಉಳಿದಿದೆ. ಅದಿರಿನಲ್ಲಿ ಚಿನ್ನದ ಅಂಶ ಕುಗ್ಗಿತ್ತು, ಆಳದಿಂದ ಮೇಲೆತ್ತುವ ಖರ್ಚು ಏರಿತ್ತು.

ಖಗೋಳ ವಿಜ್ಞಾನಿಗಳದೂ ಇಂಥದೇ ಪ್ರಶ್ನೆ. ಭಾರಿ ಗಾತ್ರದ ಹಳೆಯ ಗೆಲಾಕ್ಸಿಗಳಲ್ಲಿ ಹೊಸ ನಕ್ಷತ್ರ ಹುಟ್ಟುವುದು ಏಕೆ ನಿಂತಿತು? ಕಚ್ಚಾ ಸಾಮಗ್ರಿ ಮುಗಿಯಿತೆ, ಇದ್ದೂ ಬಳಕೆಗೆ ಬಾರದಾಯಿತೆ?

ಕಚ್ಚಾ ಸಾಮಗ್ರಿ ಎಂದರೆ ತಣ್ಣನೆಯ ಅನಿಲ, ಬಹುಪಾಲು ಜಲಜನಕ. ಬಿಸಿ ಅನಿಲ ಹಿಗ್ಗಿ ಚದುರುತ್ತದೆ. ಸೊನ್ನೆಗಿಂತ ಸುಮಾರು 260 ಡಿಗ್ರಿ ಸೆಲ್ಸಿಯಸ್ ಕೆಳಗೆ ತಣಿದರೆ ಗುರುತ್ವ ಅದನ್ನು ಹಿಂಡಿ ನಕ್ಷತ್ರವಾಗಿಸಬಲ್ಲದು. ಈ ಅನಿಲ ಕಣ್ಣಿಗೆ ಕಾಣದು. (ನಮ್ಮಂಥ ಟಿ.ವಿ. ನಿರ್ಮಾಪಕರಿಗೆ ಅದೇ ತಲೆನೋವು!) ರೇಡಿಯೋ ದೂರದರ್ಶಕಗಳೇ ಅದನ್ನು ಹುಡುಕಬೇಕು.

ಹುಟ್ಟು ನಿಂತದ್ದು ಹೇಗೆ ಗೊತ್ತಾಗುತ್ತದೆ? ಬರೀ ವೃದ್ಧರಿರುವ ಹಳ್ಳಿಯನ್ನು ಕಂಡರೆ ಅಲ್ಲಿ ತೊಟ್ಟಿಲು ತೂಗಿ ಬಹುಕಾಲವಾಯಿತೆಂದು ಊಹಿಸುತ್ತೀರಲ್ಲವೆ? ಭಾರಿ ನಕ್ಷತ್ರಗಳು ನೀಲಿಯಾಗಿ ಉರಿದು ಕೆಲವೇ ದಶಲಕ್ಷ ವರ್ಷಗಳಲ್ಲಿ ಸಾಯುತ್ತವೆ. ಸಣ್ಣವು ಕೋಟ್ಯಂತರ ವರ್ಷ ಬಾಳುತ್ತವೆ. ಗೆಲಾಕ್ಸಿಯ ಬೆಳಕು ಕೆಂಪಗಿದ್ದರೆ ಅಲ್ಲಿ ಎಳೆಯರಿಲ್ಲ. ಅತಿನೇರಳೆ ಕಿರಣ ಕಂಡರೆ ಎಳೆಯ ನಕ್ಷತ್ರಗಳಿರಬಹುದು. ಆದರೆ ಕೊನೆಗಾಲದ ಕೆಲವು ಮುದಿ ನಕ್ಷತ್ರಗಳೂ ಅದನ್ನು ಸೂಸಿ ಮೋಸ ಮಾಡುತ್ತವೆ. 2015ರಲ್ಲಿ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕವನ್ನು ಜೋಡಿಸಿದ್ದು ನಮ್ಮ ಹೊಸಕೋಟೆಯಲ್ಲಿ. ಆ ಪ್ರಯೋಗಾಲಯಕ್ಕೆ ಎಂ.ಜಿ.ಕೆ. ಮೆನನ್ ಅವರ ಹೆಸರಿದೆ. 1965ರಲ್ಲಿ ಕೋಲಾರದ ಗಣಿಯಾಳದಲ್ಲಿ ನ್ಯೂಟ್ರಿನೋ ಹಿಡಿದ ತಂಡದ ಹಿರಿಯರು ಅವರು.

ಇನ್ನು ಮೊದಲ ಪ್ರಶ್ನೆ. ಪುಣೆ ಬಳಿಯ ಜಿ.ಎಂ.ಆರ್.ಟಿ. ದೂರದರ್ಶಕದಿಂದ 800 ಕೋಟಿ ವರ್ಷ ಹಿಂದಿನ 7,653 ಗೆಲಾಕ್ಸಿಗಳ ಸರಾಸರಿ ಜಲಜನಕವನ್ನು ಅಳೆದ ತಂಡದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. 2020ರಲ್ಲಿ ಪ್ರಕಟವಾದ ಲೆಕ್ಕ ಇದು: ಅಂದಿನ ವೇಗದಲ್ಲಿ ನಕ್ಷತ್ರ ಹುಟ್ಟುತ್ತ ಹೋದರೆ ಆ ದಾಸ್ತಾನು ನೂರಿನ್ನೂರು ಕೋಟಿ ವರ್ಷಕ್ಕಷ್ಟೇ ಸಾಕು. ಹೊರಗಿನಿಂದ ತುಂಬುತ್ತಿರಬೇಕು.

ತುಂಬದಂತೆ ತಡೆಯುವುದೇನು? ಕನ್ಯಾ ರಾಶಿಯ ಎಂ-87 ನೋಡಿ. ಅದರ ಸುತ್ತ ಅನಿಲ ಹೇರಳವಾಗಿದೆ, ಆದರೆ ಕೋಟಿ ಡಿಗ್ರಿಗೂ ಮೀರಿ ಕಾದಿದೆ. ನಡುವೆ 650 ಕೋಟಿ ಸೂರ್ಯರಷ್ಟು ತೂಕದ ಕಪ್ಪುಕುಳಿ. ಅದರ ಬಳಿಯಿಂದ ಚಿಮ್ಮುವ ಧಾರೆ ಅನಿಲ ತಣಿಯದಂತೆ ಕಾಯಿಸುತ್ತಲೇ ಇದೆ ಎಂಬುದು ಇಂದಿನ ವಿವರಣೆ.

ಹಾಗೆಂದು ಹಳೆಯ ಗೆಲಾಕ್ಸಿಗಳೆಲ್ಲ ಬರಿದಲ್ಲ. ಇಂಥ 260 ಗೆಲಾಕ್ಸಿಗಳನ್ನು ಶೋಧಿಸಿದಾಗ ಶೇಕಡ 22ರಷ್ಟರಲ್ಲಿ ತಣ್ಣನೆಯ ಅನಿಲ ಸಿಕ್ಕಿತೆಂದು 2011ರಲ್ಲಿ ವರದಿಯಾಯಿತು. ಕೆಲವುಗಳಲ್ಲಿ ಆ ಅನಿಲ ಸುತ್ತುವ ದಿಕ್ಕೇ ಬೇರೆ, ನಕ್ಷತ್ರಗಳು ಸುತ್ತುವ ದಿಕ್ಕೇ ಬೇರೆ. ಮನೆಯಲ್ಲೇ ಹುಟ್ಟಿದ್ದಾದರೆ ಹೀಗಿರುತ್ತಿರಲಿಲ್ಲ. ಹತ್ತಿರ ಬಂದ ಯಾವುದೋ ಪುಟ್ಟ ಗೆಲಾಕ್ಸಿಯನ್ನು ನುಂಗಿ ಗಳಿಸಿದ್ದಿರಬೇಕು.