ಕೊಟ್ಟವನು ಕೋಡಂಗಿಯಾಗದ ಹಾಗೆ ಒಂದು ಕಾಯಿದೆ

‘ಆರ್ಡರ್ ಇದೆ ಸಾರ್, ಪೇಮೆಂಟ್ ಬರ್ತಿಲ್ಲ.’ ಪೀಣ್ಯದ ಶೆಡ್ಡುಗಳಲ್ಲಾಗಲಿ, ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಾಗಲಿ ಈ ಮಾತು ಹೊಸದಲ್ಲ. ಕಬ್ಬಿಣಕ್ಕೆ ಕೈಯಿಂದ ಕೊಡಬೇಕು, ಹುಡುಗರ ಸಂಬಳ ನಿಲ್ಲಿಸುವಂತಿಲ್ಲ, ಕರೆಂಟ್ ಬಿಲ್ ಕಟ್ಟದಿದ್ದರೆ ಲೈನ್‌ಮನ್ ಬಂದು ನಿಲ್ಲುತ್ತಾನೆ. ಬಿಲ್ ಬರೆದ ಮೇಲೆ ಮರು ತಿಂಗಳ 20ರೊಳಗೆ ಜಿಎಸ್‌ಟಿಯನ್ನೂ ಕಟ್ಟಬೇಕು. ಆ ಬಿಲ್ಲಿನ ದುಡ್ಡು ಬಂತೇ ಎಂದು ಇಲಾಖೆ ಕೇಳುವುದಿಲ್ಲ. ಮಾಲು ಕೊಂಡ ದೊಡ್ಡ ಕಂಪನಿಯ ಅಕೌಂಟ್ಸ್ ವಿಭಾಗ ಮಾತ್ರ ‘ಮುಂದಿನ ವಾರ ನೋಡೋಣ’ ಎನ್ನುತ್ತದೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ.

ಈ ಗಾದೆಯನ್ನು ಸುಳ್ಳು ಮಾಡಲು ದೇಶ ಮೂವತ್ತು ವರ್ಷಗಳಿಂದ ಕಾಯಿದೆ ಬರೆಯುತ್ತಲೇ ಇದೆ. ಅದಕ್ಕೂ ಮೊದಲಿನ ನಾಲ್ಕು ದಶಕ ಈ ಕಡೆ ಯಾರೂ ಹೆಚ್ಚು ಗಮನ ಕೊಡಲಿಲ್ಲ. ಸಣ್ಣ ಉದ್ಯಮಿಗೆ ಏನಿಲ್ಲ ಎಂಬ ಪ್ರಶ್ನೆಗೆ ಐವತ್ತರ ದಶಕದ ಉತ್ತರ ಯಂತ್ರವಿಲ್ಲ, ಜಾಗವಿಲ್ಲ, ಸಾಲವಿಲ್ಲ ಎಂಬುದಾಗಿತ್ತು. 1955ರಲ್ಲಿ ಗ್ರಾಮ ಮತ್ತು ಸಣ್ಣ ಕೈಗಾರಿಕೆಗಳ ಕುರಿತ ಕರ್ವೆ ಸಮಿತಿ ನೇಮಕವಾಯಿತು. ಅದೇ ವರ್ಷ ಹುಟ್ಟಿದ ರಾಷ್ಟ್ರೀಯ ಸಣ್ಣ ಕೈಗಾರಿಕಾ ನಿಗಮ ಕಂತಿನ ಮೇಲೆ ಯಂತ್ರ ಕೊಡತೊಡಗಿತು. ಆಗಿನ ಮೈಸೂರು ರಾಜ್ಯದಲ್ಲಿ 1959ರಲ್ಲಿ ಹಣಕಾಸು ಸಂಸ್ಥೆಯೂ (ಇಂದಿನ ಕೆಎಸ್‌ಎಫ್‌ಸಿ) 1960ರಲ್ಲಿ ಸಣ್ಣ ಕೈಗಾರಿಕೆಗಳಿಗೆ ಶೆಡ್ಡು ಕಟ್ಟಿಕೊಡುವ ನಿಗಮವೂ ಬಂದವು. 1967ರಲ್ಲಿ 47 ವಸ್ತುಗಳನ್ನು ಸಣ್ಣವರೇ ತಯಾರಿಸಬೇಕೆಂದು ಮೀಸಲಿಟ್ಟರು. ಆ ಪಟ್ಟಿ ಬೆಳೆದು ಎಂಟುನೂರು ದಾಟಿತು, 2015ರಲ್ಲಿ ಪೂರ್ತಿ ಅಳಿಸಿಹೋಯಿತು. ಅದರ ಒಳಿತು ಕೆಡುಕು ಬೇರೆಯೇ ಚರ್ಚೆ. ದೊಡ್ಡವನಾದರೆ ಮೀಸಲು ತಪ್ಪುತ್ತದೆ ಎಂಬ ಏರ್ಪಾಡಿನಲ್ಲಿ ಬೆಳೆಯುವ ಆಸೆ ಯಾರಿಗೆ ಹುಟ್ಟೀತು ಎಂದಷ್ಟೇ ಇಲ್ಲಿ ಕೇಳಿಬಿಡುತ್ತೇನೆ.

ಬೆಂಗಳೂರಿನ ಸಣ್ಣ ಕೈಗಾರಿಕೆ ಬೆಳೆದದ್ದು ದೊಡ್ಡವರ ನೆರಳಿನಲ್ಲಿ. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್‌ಗಳಿಗೆ ಬಿಡಿಭಾಗ ಮಾಡಿಕೊಡುತ್ತಲೇ ಒಂದು ತಲೆಮಾರಿನ ಕೆಲಸಗಾರರು ಮಾಲೀಕರಾದರು. ಈ ವ್ಯವಸ್ಥೆಯಲ್ಲಿ ಶೆಡ್ಡು ನೂರಾರು, ಗಿರಾಕಿ ಒಬ್ಬನೋ ಇಬ್ಬರೋ. ಬೆಲೆ ಗಿರಾಕಿಯದು, ಗಡುವು ಗಿರಾಕಿಯದು, ದುಡ್ಡು ಬಿಡುವ ದಿನವೂ ಅವನದೇ. ಅಲ್ಲಿ ಸಿಕ್ಕಿಬಿದ್ದ ಹಣಕ್ಕೆ ಬದಲಾಗಿ ಸಣ್ಣವನು ಬ್ಯಾಂಕಿನಿಂದ ಓವರ್‌ಡ್ರಾಫ್ಟ್ ಎತ್ತಿ ಬಡ್ಡಿ ಕಟ್ಟುತ್ತಾನೆ. ಅಂದರೆ ದೊಡ್ಡ ಕಂಪನಿಗೆ ಬಡ್ಡಿಯಿಲ್ಲದ ಸಾಲ ಕೊಡುತ್ತಿರುವವನು ಅವನೇ. ಸರ್ಕಾರ ಸಣ್ಣವನಿಗೆ ಕೊಡಿಸಿದ ಸಾಲವೂ ಎಷ್ಟೋ ಸಲ ಹೀಗೆ ದೊಡ್ಡವನ ಖಾತೆಯಲ್ಲೇ ಕೂತಿತು.

1991ರ ಆಗಸ್ಟ್‌ನ ಸಣ್ಣ ಕೈಗಾರಿಕಾ ನೀತಿಯಲ್ಲಿ ಕೇಂದ್ರ ಇದನ್ನು ಒಪ್ಪಿಕೊಂಡಿತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ, 1993ರಲ್ಲಿ ಕಾಯಿದೆ: ತಡವಾದ ಪಾವತಿಗೆ ಬಡ್ಡಿ ಕೊಡಲೇಬೇಕು. ಬ್ರಿಟನ್ ಇಂಥ ಕಾಯಿದೆ ಮಾಡಿದ್ದು 1998ರಲ್ಲಿ. ಕಾಗದದಲ್ಲಿ ನಾವೇ ಮುಂದಿದ್ದೆವು. ಬಡ್ಡಿ ಬೇಕಾದವನು ಕೋರ್ಟಿಗೆ ಹೋಗಲಿ ಎಂದಿತು ಕಾಯಿದೆ. ತನ್ನ ಏಕೈಕ ಗಿರಾಕಿಯ ಮೇಲೆ ಕೇಸು ಹಾಕುವಷ್ಟು ಧೈರ್ಯ ಯಾವ ಲೇತ್ ಮಾಲೀಕನಿಗಿತ್ತು?

2006ರ ಅಕ್ಟೋಬರ್ 2ರಂದು ಜಾರಿಗೆ ಬಂದ, ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ ಅಭಿವೃದ್ಧಿಯ ಎಂಎಸ್‌ಎಂಇಡಿ ಕಾಯಿದೆ ಹಳೆಯದನ್ನು ತೆಗೆದುಹಾಕಿ ಹಲ್ಲು ಚೂಪು ಮಾಡಿತು. ಲಿಖಿತ ಕರಾರಿಲ್ಲದಿದ್ದರೆ 15 ದಿನ; ಕರಾರಿದ್ದರೆ, ಎಷ್ಟೇ ಬರೆದುಕೊಂಡರೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳ ಚಕ್ರಬಡ್ಡಿ. 2024ರಲ್ಲಿ ಆ ದರ ಶೇ 6.75 ಇತ್ತು. ಆ ಲೆಕ್ಕದಲ್ಲಿ 10 ಲಕ್ಷ ರೂಪಾಯಿಯ ಬಿಲ್ಲನ್ನು ಒಂದು ವರ್ಷ ತಡೆದರೆ ಸುಮಾರು 2.22 ಲಕ್ಷ ಬಡ್ಡಿ. ದೂರು ಕೇಳಲು ಪ್ರತಿ ರಾಜ್ಯದಲ್ಲಿ ಮಂಡಳಿ. ಕೊಂಡವನು ದೆಹಲಿಯವನಾದರೂ ಪೀಣ್ಯದವನು ಬೆಂಗಳೂರಿನಲ್ಲೇ ಅರ್ಜಿ ಹಾಕಬಹುದು. ತೀರ್ಪು ಒಪ್ಪದೆ ಕೋರ್ಟಿಗೆ ಹೋಗುವ ಕಂಪನಿ ಮೊದಲು ಮುಕ್ಕಾಲು ಭಾಗ ಹಣ ಠೇವಣಿ ಇಡಬೇಕು.

ಇದಕ್ಕಿಂತ ಖಡಕ್ ಆಗಿ ಬರೆಯುವುದು ಕಷ್ಟ. ಆದರೂ ದೂರು ಕೊಟ್ಟ ದಿನವೇ ಕೊನೆಯ ಆರ್ಡರಿನ ದಿನ ಎಂಬ ಭಯ ಹಾಗೇ ಉಳಿಯಿತು. 2017ರಲ್ಲಿ ‘ಸಮಾಧಾನ್’ ಪೋರ್ಟಲ್ ಬಂದಾಗ ಅರ್ಜಿ ಹಾಕುವುದು ಸುಲಭವಾಯಿತೇ ಹೊರತು ಆ ಭಯ ಹೋಗಲಿಲ್ಲ. ಬಾಕಿ ಬಿಲ್ಲನ್ನು ಬ್ಯಾಂಕುಗಳಿಗೆ ಹರಾಜಿಗಿಟ್ಟು ಬೇಗ ದುಡ್ಡು ಪಡೆಯುವ ಟಿರೆಡ್ಸ್ ವೇದಿಕೆಗಳೂ ಅದೇ ವರ್ಷ ಶುರುವಾದವು. ಒಳ್ಳೆಯ ಉಪಾಯವೇ, ಆದರೆ ಕೊಂಡವನು ಅಲ್ಲಿ ಬಿಲ್ಲನ್ನು ಒಪ್ಪಿದರೆ ಮಾತ್ರ. ಮತ್ತೆ ಅವನ ಬಾಗಿಲಿಗೇ ಬಂದು ನಿಂತಂತಾಯಿತು.

ನಿಜವಾದ ತಿರುವು ಬಂದದ್ದು ಕೈಗಾರಿಕಾ ಇಲಾಖೆಯಿಂದಲ್ಲ, ಆದಾಯ ತೆರಿಗೆಯ ಕಡೆಯಿಂದ. 2023ರ ಬಜೆಟ್ಟಿನಲ್ಲಿ 43ಬಿ ಕಲಮಿಗೆ ಸೇರಿಸಿದ ಒಂದು ಉಪಕಲಮು ಹೇಳಿದ್ದಿಷ್ಟು: ಅತಿಸಣ್ಣ ಮತ್ತು ಸಣ್ಣ ಉದ್ಯಮಕ್ಕೆ ಗಡುವಿನೊಳಗೆ ದುಡ್ಡು ಕೊಡದಿದ್ದರೆ, ಕೊಟ್ಟ ವರ್ಷದಲ್ಲಿ ಮಾತ್ರ ಅದನ್ನು ಖರ್ಚೆಂದು ತೋರಿಸಬಹುದು. ಮಾರ್ಚ್ 31ಕ್ಕೆ ಹೀಗೆ 40 ಲಕ್ಷ ಬಾಕಿ ಉಳಿಸಿಕೊಂಡ, ಶೇ 25ರ ದರದಲ್ಲಿ ತೆರಿಗೆ ಕಟ್ಟುವ ಕಂಪನಿಗೆ ಆ ವರ್ಷ 10 ಲಕ್ಷ ಹೆಚ್ಚು ತೆರಿಗೆ ಬೀಳುತ್ತದೆ. ಇಲ್ಲಿ ಸಣ್ಣವನು ಬಾಯಿಯನ್ನೇ ತೆರೆಯಬೇಕಿಲ್ಲ. ‘ಅವರ ಬಿಲ್ ಮೊದಲು ಕ್ಲಿಯರ್ ಮಾಡಿ’ ಎಂದು ಕಂಪನಿಯ ಆಡಿಟರೇ ಹೇಳುತ್ತಾನೆ. ಮೂವತ್ತು ವರ್ಷ ಹಿಡಿದ ಬುದ್ಧಿ ಇದು. ಭಯಪಡುವವನಿಂದ ದೂರು ನಿರೀಕ್ಷಿಸಿದ ಕಾಯಿದೆಗಳೆಲ್ಲ ಕಪಾಟಿನಲ್ಲಿ ಉಳಿದವು, ಭಯವನ್ನು ಕೊಂಡವನ ಕಡೆಗೆ ದಾಟಿಸಿದ್ದು ಓಡಿತು.

ಓಡಿದ ರಭಸಕ್ಕೆ ಗಲಾಟೆಯೂ ಆಯಿತು. ತಿಂಗಳುಗಟ್ಟಲೆ ಉದ್ದರಿಯ ಮೇಲೇ ನಡೆಯುವ ಸೂರತ್ತಿನ ಜವಳಿ ಪೇಟೆಯಿಂದ 2024ರ ಆರಂಭದಲ್ಲಿ ‘ಮುಂದೂಡಿ’ ಎಂಬ ಮನವಿ ಹೋಯಿತು. ಈ ರಕ್ಷಣೆಗೆ ಬೇಕಾದ ‘ಉದ್ಯಮ್’ ನೋಂದಣಿ ಇಲ್ಲದವರಿಂದಲೇ ಮಾಲು ತೆಗೆದುಕೊಂಡರಾಯಿತು ಎಂಬ ಲೆಕ್ಕಾಚಾರ ಶುರುವಾದಾಗ, ರಕ್ಷಣೆಯ ಚೀಟಿಯೇ ಕೆಲವರಿಗೆ ಹೊರೆಯಾಯಿತು. ಮಧ್ಯಮ ಉದ್ಯಮಗಳಿಗೆ ಈ ಗಡುವಿನ ರಕ್ಷಣೆ ಇಲ್ಲ, ಬರೀ ವ್ಯಾಪಾರ ಮಾಡುವವರಿಗೂ ಇಲ್ಲ. ಬೆಳೆದರೆ ತಪ್ಪಿತು ಎಂಬ ಆ ಹಳೆಯ ಮೀಸಲಿನ ರೋಗ ಇಲ್ಲಿಗೂ ಅಂಟಿದೆ. 2025ರ ಏಪ್ರಿಲ್‌ನಿಂದ ಸಣ್ಣ ಉದ್ಯಮದ ವಹಿವಾಟಿನ ಮಿತಿ 50 ಕೋಟಿಯಿಂದ 100 ಕೋಟಿಗೆ ಏರಿದ್ದು ಅಷ್ಟರಮಟ್ಟಿಗೆ ಸಮಾಧಾನ.

ಇನ್ನೊಂದು ಸಂದು ಕಾಯಿದೆಯ ಒಳಗೇ ಇದೆ. 45 ದಿನ ಎಣಿಸುವುದು ಮಾಲು ಒಪ್ಪಿಕೊಂಡ ದಿನದಿಂದ. ಮಾಲು ತಲುಪಿದ 15 ದಿನದೊಳಗೆ ಕೊಂಡವನು ಲಿಖಿತ ತಕರಾರು ಎತ್ತಿದರೆ, ಅದು ಬಗೆಹರಿದ ದಿನವೇ ಒಪ್ಪಿದ ದಿನವಾಗುತ್ತದೆ. ಅಲ್ಲಿಯವರೆಗೆ ಗಡಿಯಾರ ಹೊರಡುವುದೇ ಇಲ್ಲ. ಆದ್ದರಿಂದ ಈಗ ಮಾಲು ಇಳಿಸುವಾಗ ಚಲನ್ನಿಗೆ ತಾರೀಕು ಸಮೇತ ಸಹಿ, ಸೀಲು ಹಾಕಿಸಿಕೊಳ್ಳದೆ ಗೇಟು ಬಿಡಬೇಡ ಎಂಬುದೇ ಟೆಂಪೋ ಡ್ರೈವರಿಗೆ ಮಾಲೀಕ ಹೇಳಬೇಕಾದ ಮೊದಲ ಮಾತು.