ಸರಸ್ವತೀ ಭಂಡಾರಿಗರು ಬೇಕಾಗಿದ್ದಾರೆ

ಚಿತ್ತಾಪುರದ ಬಳಿಯ ನಾಗಾವಿಗೆ ಹೋಗುವವರು ಸಾಮಾನ್ಯವಾಗಿ ಯಲ್ಲಮ್ಮನ ದರ್ಶನಕ್ಕೆಂದು ಹೋಗುತ್ತಾರೆ. ಹೋದವರು ಅರವತ್ತು ಕಂಬದ ಗುಡಿಯನ್ನೂ ನೋಡಿಕೊಂಡು ಬರುತ್ತಾರೆ. ಅಲ್ಲಿ ಒಂದು ಕಾಲಕ್ಕೆ ಘಟಿಕಾಸ್ಥಾನವಿತ್ತು, ಇಂದಿನ ಮಾತಿನಲ್ಲಿ ಹೇಳುವುದಾದರೆ ಒಂದು ವಿಶ್ವವಿದ್ಯಾಲಯವೇ ಇತ್ತು, ಎಂಬುದನ್ನು ಬಲ್ಲವರು ಕೆಲವರು ಮಾತ್ರ. ಕಲ್ಯಾಣದ ಚಾಲುಕ್ಯರ ಕಾಲದ, 1058ರ ಶಾಸನವೊಂದು ಆ ವಿದ್ಯಾಸ್ಥಾನದ ವ್ಯವಸ್ಥೆಯನ್ನು ವಿವರವಾಗಿ ತಿಳಿಸುತ್ತದೆ. ವೇದವನ್ನೂ ಶಾಸ್ತ್ರವನ್ನೂ ಓದುತ್ತಿದ್ದ ವಿದ್ಯಾರ್ಥಿಗಳು ಇನ್ನೂರಕ್ಕೂ ಮಿಕ್ಕಿದ್ದರು. ಪಾಠ ಹೇಳಲು ಉಪಾಧ್ಯಾಯರಿದ್ದರು. ಇವರೊಡನೆ ಆರು ಮಂದಿ ಸರಸ್ವತೀ ಭಂಡಾರಿಗರು. ಗ್ರಂಥಪಾಲಕರಿಗೆ ನಮ್ಮ ಹಿರಿಯರು ಇಟ್ಟಿದ್ದ ಹೆಸರು ಇದು. ಇಂದು ನಮ್ಮ ಎಷ್ಟು ಕಾಲೇಜುಗಳಲ್ಲಿ ಆರು ಮಂದಿ ಗ್ರಂಥಪಾಲಕರಿದ್ದಾರೆಂದು ಕೇಳುವ ಧೈರ್ಯ ನನಗಿಲ್ಲ.

ಓಲೆಗರಿಗಳನ್ನು ಹುಳು ತಿನ್ನದಂತೆ ಕಾಯುವುದಷ್ಟೇ ಆ ಆರು ಮಂದಿಯ ಕೆಲಸವಾಗಿದ್ದೀತೆ? ನನಗೆ ಹಾಗೆ ತೋರುವುದಿಲ್ಲ. ಇಷ್ಟೊಂದು ವಿದ್ಯಾರ್ಥಿಗಳಿದ್ದಲ್ಲಿ ‘ಈ ಮಾತು ಯಾವ ಗ್ರಂಥದಲ್ಲಿದೆ?’ ಎಂದು ಕೇಳುವವರು ದಿನವೂ ಇದ್ದೇ ಇರುತ್ತಾರೆ. ಕೇಳಿದವರಿಗೆ ಕಟ್ಟನ್ನು ಬಿಚ್ಚಿ ಗರಿಯನ್ನು ತೋರಿಸುವವರೂ ಬೇಕು. ಪುಸ್ತಕವನ್ನು ಕಾಯುವುದು ಒಂದು ವಿದ್ಯೆ, ಕೇಳಿದವನ ಕೈಗೆ ಸರಿಯಾದ ಪುಸ್ತಕವನ್ನು ಕೊಡುವುದು ಇನ್ನೊಂದು ವಿದ್ಯೆ. ಈ ಎರಡನೆಯದಕ್ಕೆ ಗ್ರಂಥಾಲಯ ಶಾಸ್ತ್ರದಲ್ಲಿ ಪರಾಮರ್ಶನ ಸೇವೆಯೆಂದು ಹೆಸರು. ಅಮೆರಿಕದ ವುಸ್ಟರ್ ನಗರದ ಗ್ರಂಥಪಾಲಕ ಸ್ಯಾಮ್ಯುಯೆಲ್ ಗ್ರೀನ್ ಎಂಬಾತ 1876ರಲ್ಲಿ ಇದನ್ನು ಪ್ರತಿಪಾದಿಸಿ ಪ್ರಬಂಧ ಬರೆದ. ನಮ್ಮಲ್ಲಿ ಇದಕ್ಕೆ ಶಾಸ್ತ್ರದ ಗೌರವವನ್ನು ತಂದುಕೊಟ್ಟವರು ಡಾ. ಎಸ್. ಆರ್. ರಂಗನಾಥನ್ ಅವರು. ಗಣಿತದ ಅಧ್ಯಾಪಕರಾಗಿದ್ದು ಗ್ರಂಥಪಾಲಕರಾದ ಆ ಮಹನೀಯರು ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದು, 1972ರಲ್ಲಿ ಅಲ್ಲಿಯೇ ತೀರಿಕೊಂಡರು. 1931ರಲ್ಲಿ ಅವರು ವಿಧಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯವನ್ನು ಉಳಿಸಬೇಕೆನ್ನುತ್ತದೆ. ನಮ್ಮ ಕಡೆಯ ಬಸ್ಸುಗಳಲ್ಲಿ ಅಲೆದವರಿಗೆ ಈ ಸೂತ್ರದ ಬೆಲೆ ಗೊತ್ತು.

ಈ ಸೇವೆ ಈಗ ಮೇಜನ್ನು ಬಿಟ್ಟು ಮೊಬೈಲಿಗೆ ಬಂದಿದೆ. ಓದುಗನು ತಾನಿದ್ದಲ್ಲಿಂದಲೇ ಪ್ರಶ್ನೆಯನ್ನು ಬರೆಯುತ್ತಾನೆ. ಗ್ರಂಥಪಾಲಕನು ಆ ಕ್ಷಣವೇ ಉತ್ತರವನ್ನು ಬರೆಯುತ್ತಾನೆ. ಇದಕ್ಕೆ ಚಾಟ್ ಎಂದೇ ಹೆಸರು. ‘ಬರಹದ ಹರಟೆ’ ಎಂದು ಕನ್ನಡಿಸಿದರೆ ಗ್ರಂಥಪಾಲಕರು ಮುನಿದಾರು. ಆದ್ದರಿಂದ ಚಾಟ್ ಎಂದೇ ಇರಲಿ. ಒಂದು ಗ್ರಂಥಾಲಯವು ಹಗಲೂ ರಾತ್ರಿ ಆಳನ್ನು ಕೂರಿಸುವುದು ಸಾಧ್ಯವಿಲ್ಲವಾದ್ದರಿಂದ ಹಲವು ಗ್ರಂಥಾಲಯಗಳು ಕೂಡಿ ಸರದಿಯನ್ನು ಹಾಕಿಕೊಂಡವು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸು 2000ದಲ್ಲಿ ಹಲವು ದೇಶಗಳ ಗ್ರಂಥಾಲಯಗಳ ನಡುವೆ ಪ್ರಶ್ನೆಗಳನ್ನು ಹಂಚಿಕೊಳ್ಳುವ ಪ್ರಯೋಗವನ್ನು ಆರಂಭಿಸಿತು. ಪ್ರಾಚೀನ ಬೈಜಾಂಟಿಯಮ್ಮಿನ ಅಡುಗೆಯನ್ನು ಕುರಿತು ಇಂಗ್ಲೆಂಡಿನಿಂದ ಬಂದ ಪ್ರಶ್ನೆಯೊಂದಕ್ಕೆ ಕ್ಯಾಲಿಫೋರ್ನಿಯದ ಸಾಂಟಾ ಮೋನಿಕಾ ಗ್ರಂಥಾಲಯವು ಕೆಲವೇ ಗಂಟೆಗಳಲ್ಲಿ ಪುಸ್ತಕಗಳ ಪಟ್ಟಿಯನ್ನು ಕಳುಹಿಸಿತಂತೆ. 2002ರಲ್ಲಿ ಈ ಪ್ರಯೋಗ ಕ್ವೆಶ್ಚನ್‌ಪಾಯಿಂಟ್ ಎಂಬ ಹೆಸರಿನ ಸೇವೆಯಾಗಿ ಬೆಳೆಯಿತು. 2019ರಲ್ಲಿ ಬೇರೊಂದು ಸಂಸ್ಥೆಯ ಕೈಗೆ ಹೋಯಿತು. ಒಂದೂರಿನಲ್ಲಿ ದೀಪ ಆರಿದಾಗ ಇನ್ನೊಂದೂರಿನ ಗ್ರಂಥಪಾಲಕ ಆ ಊರಿನ ಪ್ರಶ್ನೆಗಳಿಗೆ ಉತ್ತರ ಹೇಳುತ್ತಾನೆ.

ಆದರೆ ಸಾವಿರ ಮೈಲಿ ಆಚೆಯವನು ನಮ್ಮೂರಿನ ವಿಷಯವನ್ನು ಹೇಗೆ ಬಲ್ಲ? ಈ ವ್ಯವಸ್ಥೆಯ ಜೀವಾಳವಿರುವುದು ಇಲ್ಲಿಯೇ. ಕೂಟದಲ್ಲಿರುವ ಪ್ರತಿಯೊಂದು ಗ್ರಂಥಾಲಯವೂ ಉಳಿದವರಿಗಾಗಿ ತನ್ನ ಪರಿಚಯದ ಒಂದು ಪುಟವನ್ನು ಬರೆದಿಡಬೇಕು: ಬಾಗಿಲು ಯಾವಾಗ ತೆರೆಯುತ್ತದೆ, ಸದಸ್ಯತ್ವದ ನಿಯಮಗಳೇನು, ಊರಿನ ಬಗೆಗೆ ಜನ ಪದೇ ಪದೇ ಕೇಳುವುದೇನು, ಅದಕ್ಕೆ ಉತ್ತರ ಎಲ್ಲಿದೆ. ದೂರದವನು ಆ ಪುಟವನ್ನು ನೋಡಿಕೊಂಡು ಉತ್ತರಿಸುತ್ತಾನೆ. ತಿಳಿಯದಿದ್ದರೆ ಪ್ರಶ್ನೆಯನ್ನು ಆಯಾ ಊರಿನ ಗ್ರಂಥಾಲಯಕ್ಕೇ ಒಪ್ಪಿಸುತ್ತಾನೆ. ಯಂತ್ರವನ್ನು ಹಣ ಕೊಟ್ಟು ತರಬಹುದು. ಈ ಪುಟವನ್ನು ಮಾತ್ರ ಊರಿನವರೇ ಬರೆಯಬೇಕು.

ನಮ್ಮ ಸರ್ಕಾರ 2020ರಲ್ಲಿ ಸಾರ್ವಜನಿಕ ಡಿಜಿಟಲ್ ಗ್ರಂಥಾಲಯವನ್ನು ತೆರೆಯಿತು. ಅದಕ್ಕೂ ಮುನ್ನ, 2019ರಲ್ಲಿ, ಗ್ರಾಮ ಪಂಚಾಯತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದವು. ‘ಅರಿವು ಕೇಂದ್ರ’ವೆಂಬ ಸೊಗಸಾದ ಹೆಸರೂ ಅವಕ್ಕೆ ಬಂದಿತು. ಇದೆಲ್ಲ ಸಂತೋಷದ ಸಂಗತಿಯೇ. ಪುಸ್ತಕ ಮೊಬೈಲಿಗೆ ಬಂದಿದೆ. ಪ್ರಶ್ನೆಯನ್ನು ಕೇಳಿಸಿಕೊಳ್ಳುವ ಮನುಷ್ಯ ಮಾತ್ರ ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ. ಆದ್ದರಿಂದ ಪ್ರಶ್ನೆಗಳು ನನ್ನಂಥ ಕನ್ನಡ ಮೇಷ್ಟರ ಮೊಬೈಲಿಗೆ ಬರುತ್ತವೆ. ವಾಡಿಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ರಾತ್ರಿ ಹತ್ತು ಗಂಟೆಗೆ ಬರೆಯುತ್ತಾಳೆ: ‘ಸರ್, ನಾಗಾವಿ ಶಾಸನದ ಪಾಠ ಎಲ್ಲಿ ಸಿಗ್ತದ್ರಿ?’ ಇದಕ್ಕೆ ಉತ್ತರವಿದೆ. 1928ರಲ್ಲಿ ಹೈದರಾಬಾದ್ ಪುರಾತತ್ವ ಮಾಲೆಯ ಎಂಟನೆಯ ಸಂಪುಟವಾಗಿ ಅದು ಅಚ್ಚಾಗಿದೆ. ಆದರೆ ಆ ಸಂಪುಟದ ಮೇಲಿರುವ ಹೆಸರು ನಾಗಾವಿಯಲ್ಲ, ‘ನಾಗೈ’. ನಾಗಾವಿ ಎಂದು ಹುಡುಕಿದವರಿಗೆ ಅದು ಸಿಕ್ಕುವುದು ಕಷ್ಟ.

ನಮ್ಮ ಸೀಮೆಯಲ್ಲಿ ಊರುಗಳ ಹೆಸರೇ ಒಂದು ಚಕ್ರವ್ಯೂಹ. ಸೇಡಂ ಹಳೆಯ ಇಂಗ್ಲಿಷ್ ಬರಹಗಳಲ್ಲಿಯೂ ರೈಲ್ವೆಯ ಲೆಕ್ಕದಲ್ಲಿಯೂ ‘ಸೇರಂ’. ಸೇಡಂ ತಾಲ್ಲೂಕಿನ ಮಳಖೇಡವು ಒಬ್ಬರಿಗೆ ಮಾಲ್ಖೇಡ, ಇನ್ನೊಬ್ಬರಿಗೆ ಮಾನ್ಯಖೇಟ. ಕವಿರಾಜಮಾರ್ಗ ಹುಟ್ಟಿದ ರಾಷ್ಟ್ರಕೂಟರ ಆ ರಾಜಧಾನಿಯನ್ನು ಹುಡುಕುವವರು ಮೂರು ಹೆಸರುಗಳಲ್ಲಿಯೂ ಹುಡುಕಬೇಕು. ಇದರ ಮೇಲೆ ಹುಡುಗರು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾರೆ. ಅದನ್ನು ಓದುವುದು ಹಳಗನ್ನಡದ ಭ್ರಷ್ಟಪಾಠವನ್ನು ಓದುವುದಕ್ಕಿಂತ ಸುಲಭವೇನಲ್ಲ. ಇಂಥ ಸಂಗತಿಗಳೆಲ್ಲ ನಾನು ಹೇಳಿದ ಆ ಪುಟದಲ್ಲಿರಬೇಕು.

‘ಈಗ ಯಂತ್ರವನ್ನೇ ಕೇಳಿದರಾಯಿತಲ್ಲ, ಮನುಷ್ಯನೇಕೆ?’ ಎಂದು ತರುಣ ಸಹೋದ್ಯೋಗಿಗಳು ಕೇಳುತ್ತಾರೆ. ಕೃತಕ ಬುದ್ಧಿಯ ಯಂತ್ರಗಳು ಉತ್ತರ ಕೊಡುತ್ತವೆ, ಬಲು ಚೊಕ್ಕವಾಗಿಯೇ ಕೊಡುತ್ತವೆ; ಒಮ್ಮೊಮ್ಮೆ ಇಲ್ಲದ ಪುಸ್ತಕದ ಹೆಸರನ್ನು ಅಷ್ಟೇ ಚೊಕ್ಕವಾಗಿ ಹೇಳಿಬಿಡುತ್ತವೆ. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಓದುಗನು ಮೊದಲು ಕೇಳುವ ಪ್ರಶ್ನೆ ಅನೇಕ ವೇಳೆ ಅವನ ನಿಜವಾದ ಪ್ರಶ್ನೆಯಾಗಿರುವುದಿಲ್ಲ. ಚಿಂಚೋಳಿ ಕಡೆಯ ರೈತರೊಬ್ಬರು ನನ್ನನ್ನು ಉರ್ದು ಕಲಿಯುವ ಪುಸ್ತಕ ಕೇಳಿದರು. ಐವತ್ತು ದಾಟಿದವರಿಗೆ ಈಗೇಕೆ ಉರ್ದು ಎಂದು ವಿಚಾರಿಸಿದಾಗ ನಿಜ ಹೊರಬಿತ್ತು: ‘ನಮ್ಮ ಮುತ್ಯಾನ ಕಾಲದ ಹೊಲದ ಕಾಗದ ಅದಾವ್ರಿ ಸರ. ಎಲ್ಲಾ ಉರ್ದುದಾಗ ಅದಾವ. ಓದಿ ಹೇಳೋರು ಯಾರಾರ ಇದ್ದಾರೇನ್ರಿ?’ ಅವರಿಗೆ ಬೇಕಾದದ್ದು ಪುಸ್ತಕವಲ್ಲ, ಓದುವ ಕಣ್ಣು. 1948ರವರೆಗೆ ಈ ಪ್ರದೇಶ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯ ಭಾಷೆ ಉರ್ದುವಾಗಿತ್ತು. ಮನೆಮನೆಯ ಪೆಟ್ಟಿಗೆಗಳಲ್ಲಿ ಇಂಥ ಕಾಗದಗಳಿವೆ. ಓದಬಲ್ಲವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಮರುಪ್ರಶ್ನೆ ಕೇಳುವ ಈ ಕಲೆ ಚಾಟಿನಲ್ಲಿ ಇನ್ನೂ ಕಷ್ಟ. ಎದುರಿಗಿರುವವನ ಮುಖ ಕಾಣಿಸುವುದಿಲ್ಲ, ಸಂಕೋಚ ತಿಳಿಯುವುದಿಲ್ಲ. ಗ್ರಂಥಪಾಲಕನು ಎದ್ದು ಕಪಾಟಿಗೆ ಹೋದರೆ ಅತ್ತ ಕುಳಿತವನಿಗೆ ಅದು ಬರಿಯ ಮೌನ; ಎರಡು ನಿಮಿಷ ಕಾದು ಅವನು ಹೊರಟುಹೋಗುತ್ತಾನೆ. ಅದಕ್ಕಾಗಿ ಅನುಭವಿಗಳು ನಡುನಡುವೆ ‘ಹುಡುಕುತ್ತಿದ್ದೇನೆ, ಸ್ವಲ್ಪ ಇರಿ’ ಎಂದು ಬರೆಯುತ್ತಲೇ ಇರುತ್ತಾರೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ — ಈ ಐದು ಊರುಗಳ ಗ್ರಂಥಾಲಯಗಳು ಕೂಡಿ ಇಂಥ ಸೇವೆಯೊಂದನ್ನು ನಡೆಸಬಾರದೇಕೆ? ಊರಿಗೊಂದು ಸಂಜೆಯಂತೆ ಐದು ಸಂಜೆಗಳು, ಒಂದು ಮೊಬೈಲು, ಕೇಳಿದ ಪ್ರಶ್ನೆ ಮತ್ತು ಕೊಟ್ಟ ಉತ್ತರವನ್ನು, ಕೇಳಿದವರ ಹೆಸರನ್ನು ಬಿಟ್ಟು, ಬರೆದಿಡುವ ಒಂದು ದಾಖಲೆ. ಎರಡು ವರ್ಷದಲ್ಲಿ ಆ ದಾಖಲೆಯೇ ಈ ಸೀಮೆಯ ಒಂದು ಕೈಪಿಡಿಯಾದೀತು. ಚಿಂಚೋಳಿಗೆ ರೈಲಿಲ್ಲ, ಅಲ್ಲಿಯ ಓದುಗನಿಗೆ ಇದರ ಪ್ರಯೋಜನ ಎಲ್ಲರಿಗಿಂತ ಹೆಚ್ಚು. ಸಂಜೆ ದುಡಿದವರಿಗೆ ಸಂಬಳವನ್ನು ಕೊಡುವವರು ಯಾರು ಎಂಬುದು ತೊಡಕಿನ ಪ್ರಶ್ನೆ. ಬಿಟ್ಟಿ ಸೇವೆಯ ಮೇಲೆ ನಿಲ್ಲುವ ವ್ಯವಸ್ಥೆ ಮೊದಲ ಉತ್ಸಾಹ ಇಳಿಯುವವರೆಗೆ ಮಾತ್ರ ನಡೆಯುತ್ತದೆಂಬುದು ನನ್ನ ಅಭಿಪ್ರಾಯ. ನಾಗಾವಿಯ ಭಂಡಾರಿಗರಿಗೂ ಜೀವನೋಪಾಯದ ಏರ್ಪಾಟಿತ್ತು. ನಾವೂ ಮನೆ ತೆರಿಗೆಯೊಡನೆ ಗ್ರಂಥಾಲಯದ ಕರವನ್ನು ಕೊಡುತ್ತಲೇ ಇದ್ದೇವೆ.

ಹಣ ಬರುವವರೆಗೆ ಆ ಪುಟಗಳನ್ನಾದರೂ ಬರೆಯಲು ತೊಡಗಬಹುದು. ಶಹಾಬಾದದ ಪುಟದಲ್ಲಿ ಮೊದಲು ಏನಿರಬೇಕೆಂಬುದನ್ನು ನಾನು ನಿಶ್ಚಯಿಸಿಕೊಂಡಿದ್ದೇನೆ. ಅಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರಿದ್ದಾರೆ. ವಯಸ್ಸು ಎಂಬತ್ತು ದಾಟಿದೆ. ಮುರಿದಕ್ಷರದ ಹಳೆಯ ಶಿಕಸ್ತಾ ಬರಹವನ್ನು ಅವರು ಪತ್ರಿಕೆ ಓದಿದಷ್ಟು ಸರಾಗವಾಗಿ ಓದುತ್ತಾರೆ. ಚಿಂಚೋಳಿಯ ರೈತರನ್ನು ಅವರಲ್ಲಿಗೇ ಕಳುಹಿಸಿದ್ದೆ. ಕಾಗದ ತರುವವರು ಬೆಳಿಗ್ಗೆ ಹತ್ತು ಗಂಟೆಯೊಳಗೆ ಬರಬೇಕು, ಆಮೇಲೆ ಕಣ್ಣು ಮಂಜಾಗುತ್ತದೆ ಎಂದು ಅವರು ಹೇಳಿಕಳುಹಿಸಿದ್ದಾರೆ.